ತಲೆ ಬಗ್ಗಿಸುವ ಬೆಂಕಿ

ಒಂದು, ಎರಡು, ಬಗ್ಗಿತು, ಹೊಡಿ!

ಮಗಳ ಈ ಎಣಿಕೆ ಹಿಸಾನೊಳ ಕಿವಿ ಹೊಕ್ಕು ಅಲ್ಲೇ ಕೂತುಬಿಟ್ಟಿತ್ತು. ಸ್ಟುಡಿಯೋದಲ್ಲಿ ಹಾಳೆ ತೊಳೆಯುವಾಗ ಅದೇ, ಕುಂಚ ಅದ್ದುವಾಗ ಅದೇ, ಮೂಲಂಗಿ ಸೊಪ್ಪಿನ ಗಂಜಿಯನ್ನು ಕಣ್ಣು ಮುಚ್ಚಿ ಗುಟುಕರಿಸುವಾಗಲೂ ಅದೇ. ಮಗುವಿನ ಕೆಮ್ಮು ಹೇಗಿದೆಯೋ, ವಾಯುದಾಳಿಗೆಂದು ಹತ್ತಿ ತುಂಬಿದ ಕುಲಾವಿಯ ದಾರ ಕಿತ್ತುಬಂದಿತ್ತಲ್ಲ, ಅತ್ತೆ ಹೊಲಿದರೋ ಇಲ್ಲವೋ, ಈ ವಾರದ ಪಡಿ ಸಿಕ್ಕಿತೋ, ಇಂಥ ಚಿಂತೆಗಳಿಗೆ ಅವಳು ಒಗ್ಗಿಹೋಗಿದ್ದಳು. ಅವು ಸೊಳ್ಳೆಗಳಿದ್ದ ಹಾಗೆ. ಬರುತ್ತವೆ, ಕಚ್ಚುತ್ತವೆ, ಹೋಗುತ್ತವೆ. ಇದು ಹಾಗಲ್ಲ. ಇದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು.

ಕಳೆದ ಸಲ ರಜೆ ಸಿಕ್ಕಿ ನಗರದ ಪೂರ್ವ ಭಾಗದ ಹೊಂಜೊದಲ್ಲಿದ್ದ ಅತ್ತೆಯ ಮನೆಗೆ ಹೋಗಿದ್ದಾಗ ಅವಳು ಅದನ್ನು ಮೊದಲು ಕೇಳಿದ್ದು. ಬಾಗಿಲು ಸರಿಸಿ ಒಳಗೆ ಕಾಲಿಟ್ಟರೆ, ಏಳು ವರ್ಷದ ಮಿನೆಕೊ ತನ್ನಷ್ಟೇ ಎತ್ತರದ ಒದ್ದೆ ಚಾಪೆ ಹಿಡಿದುಕೊಂಡು ಅಗ್ಗಿಷ್ಟಿಕೆಯ ಎದುರು ನಿಂತಿದ್ದಳು. ಚಾಪೆಯಿಂದ ನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆ.

"ಏನೇ ಇದು ನಿನ್ನ ಅವತಾರ? ಮೊದಲೇ ಕೆಮ್ಮು..."

"ಶ್! ಮಾತಾಡ್ಬೇಡಮ್ಮ, ಎಣಿಕೆ ತಪ್ಪಿಹೋಗುತ್ತೆ."

"ಯಾವ ಎಣಿಕೆ?"

"ಬೆಂಕಿ ತಲೆ ಬಗ್ಸೋ ಎಣಿಕೆ. ಒಂದು, ಎರಡು, ಬಗ್ಗಿತು, ಹೊಡಿ! ನಿಂಗೆ ಗೊತ್ತಿಲ್ವಾ? ನೀನೇ ತಾನೇ ಬರೆದಿದ್ದು!"

"ಬಗ್ಗದಿದ್ರೆ?"

ಮಗು ಅಮ್ಮನನ್ನು ದಡ್ಡಿಯನ್ನು ನೋಡುವಂತೆ ನೋಡಿತು. "ಬಗ್ಗುತ್ತೆ ಕಣಮ್ಮ. ಬಗ್ಗೋ ತನಕ ಕಾಯ್ಬೇಕು. ಮುಂಚೇನೇ ಹೊಡೆದ್ರೆ ಬೆಂಕಿಗೆ ಸಿಟ್ಟು ಬರುತ್ತೆ ಅಂತ ಮೂಲೆ ಅಂಗಡಿ ಕುರಾಮೊಚಿ ತಾತ ಹೇಳಿದಾರೆ."

ಹಿಸಾನೊ ಚಪ್ಪಲಿ ಬಿಚ್ಚುವುದನ್ನೂ ಮರೆತು ಹೊಸಿಲಲ್ಲೇ ಕುಳಿತುಬಿಟ್ಟಳು.

ಆ ಬೆಂಕಿ ಹೇಗೆ ಹುಟ್ಟಿತು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಿಸಾನೊ ಅಸಾಕುಸಾದಲ್ಲಿ ಕಾಗದದ ಲಾಂದ್ರಗಳ ಮೇಲೆ ಅಕ್ಷರ ಬರೆಯುವವನ ಮಗಳು. ಕಾಗದದ ಉಬ್ಬು ಮೈಮೇಲೆ ನಡುಗದೆ ಗೆರೆ ಎಳೆಯುವ ಕೈ ಅವಳಿಗೆ ಅಪ್ಪನಿಂದ ಬಂದದ್ದು. ಹೆಣ್ಣುಮಕ್ಕಳ ಪ್ರೌಢಶಾಲೆ ಮುಗಿಸಿದಳು, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಎಯ್ಕಿಚಿಯನ್ನು ಮದುವೆಯಾದಳು, ಮಗಳನ್ನು ಹೆತ್ತಳು. ಎಯ್ಕಿಚಿಗೆ ಸೇನೆಯ ಕರೆ ಬಂದು, ಅವನನ್ನು ಹೊತ್ತ ಹಡಗು ದಕ್ಷಿಣಕ್ಕೆ ಹೋಯಿತೆಂಬ ಸುದ್ದಿಯ ಆಚೆಗೆ ಏನೂ ತಿಳಿಯದಾದಾಗ, ನಗರದ ಪಶ್ಚಿಮ ತುದಿಯ ಕಾರ್ಟೂನ್ ಸ್ಟುಡಿಯೋಗೆ ಸೇರಿಕೊಂಡಳು. ಕಲಾವಿದರು ಕಾಗದದ ಮೇಲೆ ಬರೆದುಕೊಟ್ಟ ಚಿತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗೆ ಇಳಿಸಿ, ಬೆನ್ನಿಗೆ ಬಣ್ಣ ತುಂಬುವುದು ಅವಳ ಕೆಲಸ. ಬಣ್ಣವೆಂದರೆ ಬಿಳಿ, ಕಪ್ಪು, ನಡುವಿನ ಬೂದಿಗಳು, ಅಷ್ಟೇ.

ಒಂದು ಕಾಲದಲ್ಲಿ ಅಲ್ಲಿ ಮಕ್ಕಳ ಕಥೆಗಳ ಚಿತ್ರ ಮಾಡುತ್ತಿದ್ದರಂತೆ. ಅವಳು ಸೇರುವ ಹೊತ್ತಿಗೆ ಎಲ್ಲವೂ ಸರ್ಕಾರದ ಚಿತ್ರ. ಬಾಗಿಲಲ್ಲಿ ಸೇನೆಯ ಅಧಿಕಾರಿಯ ಬೂಟು. ಸೆಲ್ಯುಲಾಯ್ಡಿಗೆ ಬೇಕಾದ ಸರಕೆಲ್ಲ ಮದ್ದುಗುಂಡಿಗೆ ಹೋಗುತ್ತಿದ್ದರಿಂದ ಹೊಸ ಹಾಳೆ ಕಣ್ಣಿಗೆ ಬೀಳುವಂತಿರಲಿಲ್ಲ. ಕ್ಯಾಮೆರಾದ ಕೆಳಗಿನಿಂದ ಬಂದ ಹಾಳೆಯನ್ನು ಸೋಡಾ ನೀರಿನಲ್ಲಿ ನೆನೆಸಿ, ತಿಕ್ಕಿ, ಒಣಗಿಸಿ, ಅದರ ಮೇಲೆಯೇ ಮುಂದಿನ ಚಿತ್ರ. ಹಾಳೆ ಕಿಡಿ ತಾಗಿದರೆ ಭಗ್ಗೆನ್ನುವ ಜಾತಿಯದು. ಹಾಗಾಗಿ ತೊಳೆಯುವ ಕೋಣೆಯಲ್ಲಿ ಚಳಿಗಾಲದಲ್ಲೂ ಕೆಂಡ ಇಡುವಂತಿಲ್ಲ. ಹೆಂಗಸರ ಬೆರಳುಗಳೆಲ್ಲ ಒಡೆದು ಹೋಗಿದ್ದವು. ತೊಳೆದಷ್ಟೂ ಹಾಳೆಯ ಮೇಲೆ ಗೀರು. ಇವತ್ತಿನ ಸೈನಿಕನ ಹೊಟ್ಟೆಯಲ್ಲಿ ನಿನ್ನೆಯ ಮೋಡದ ಅಂಚು ಮಸುಕಾಗಿ ಕಾಣಿಸುವುದೂ ಇತ್ತು.

ಹೋದ ವರ್ಷ ಬೇಸಿಗೆಯಲ್ಲಿ ಬಂದ ಆಜ್ಞೆ ವಾಯುದಾಳಿಯ ಚಿತ್ರದ್ದು. ಬೆಂಕಿಬಾಂಬು ಬಿದ್ದರೆ ಹೆದರಬೇಡಿ, ಓಡಬೇಡಿ, ಒದ್ದೆ ಚಾಪೆಯಿಂದ ಬಡಿದು ಆರಿಸಿ ಎಂದು ಜನರಿಗೆ ಕಲಿಸಬೇಕು. ಕಥೆಯಲ್ಲಿ ಒಂದು ಇಲಿಮರಿ, ಒಂದು ನರಿ. ಬಾಂಬು ಬಿದ್ದೊಡನೆ ನರಿ ಗಂಟುಮೂಟೆ ಕಟ್ಟಿ ಓಡಿ, ಕಾಲುವೆಗೆ ಬಿದ್ದು, ಬಾಲ ಹಿಂಡಿಕೊಂಡು ಮೇಲೆ ಬರುತ್ತದೆ. ಇಲಿಮರಿ ಚಾಪೆ ಹಿಡಿದು ನಿಂತು ಬೆಂಕಿ ಆರಿಸುತ್ತದೆ. ನಿರ್ದೇಶಕ ಇಗರಾಶಿ ಮೇಷ್ಟ್ರು ಮೊದಲು ಬರೆದದ್ದು ಸೂರಿನ ತನಕ ನಾಲಿಗೆ ಚಾಚುವ ಬೆಂಕಿ. ಅಧಿಕಾರಿ ಅದನ್ನು ನೋಡಿ, "ಜನ ಹೆದರ್ತಾರೆ, ಚಿಕ್ಕದು ಮಾಡಿ" ಎಂದ. ಮೇಷ್ಟ್ರು ಹಾಳೆಗಳ ಕಟ್ಟು ನೋಡಿ, "ದೊಡ್ಡದು ಮಾಡೋಕೆ ಹಾಳೆ ಎಲ್ಲಿದೆ ಬಿಡಿ" ಎಂದರು.

ಕಡೆಗೆ ಬೆಂಕಿಗೆ ದಕ್ಕಿದ್ದು ಮೂರು ಹಾಳೆ. ಮೂರನ್ನೇ ಒಂದಾದ ಮೇಲೊಂದು ತಿರುಗಿಸಿ ತಿರುಗಿಸಿ ತೆಗೆದರೆ ಬೆಂಕಿ ಕುಣಿಯುತ್ತದೆ. ಮೂರನೆಯದರ ಮೇಲ್ಭಾಗದಲ್ಲಿ ಉಗುರು ತಾಗುವಷ್ಟು ಆಳದ ಗೀರು. ಅದರ ಮೇಲೆ ಬಣ್ಣ ನಿಲ್ಲುತ್ತಿರಲಿಲ್ಲ. ಹಿಸಾನೊ ಯೋಚಿಸಿ, ಆ ಹಾಳೆಯಲ್ಲಿ ಜ್ವಾಲೆಯನ್ನು ಗೀರಿನ ಕೆಳಗೇ ನಿಲ್ಲಿಸಿ, ತುದಿಯನ್ನು ಒಂದು ಪಕ್ಕಕ್ಕೆ ಬಾಗಿಸಿದಳು. ಪರದೆಯ ಮೇಲೆ ನೋಡಿದರೆ ಬೆಂಕಿ ಎರಡು ಸಲ ತಲೆಯೆತ್ತಿ, ಮೂರನೇ ಸಲ ಬಗ್ಗುತ್ತಿತ್ತು. ಹಾಳೆಗಳ ಓಟಕ್ಕೆ ಹೊಂದಿಸಿ ಮೇಷ್ಟ್ರು ಪ್ರತಿ ಸಲವೂ ಬಗ್ಗಿದಾಗಲೇ ಚಾಪೆ ಬೀಳುವಂತೆ ಮಾಡಿದರು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಫುಸಾ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಕಂಡಾ ಬಡಾವಣೆಯ ಹುಡುಗಿ, ಹಿಸಾನೊಳ ಮೇಜಿನ ಜೊತೆಗಾತಿ, ನಾಲಿಗೆ ಸ್ವಲ್ಪ ಉದ್ದ. "ನಮ್ಮೂರ ನೀರು ಕುಡಿದ ಬೆಂಕಿ ಕಣೇ ಹಿಸಾನೊ. ಎಷ್ಟು ಮರ್ಯಾದೆ ನೋಡು, ನಮಸ್ಕಾರ ಮಾಡಿಯೇ ಸಾಯುತ್ತೆ."

ಹಿಸಾನೊ ಕೂಡ ನಕ್ಕಿದ್ದಳು. ಶಾಲೆಯ ಅಂಗಳದಲ್ಲಿ ಆ ಚಿತ್ರ ತೋರಿಸಿದ ದಿನ ಹೊಂಜೊದ ಮಕ್ಕಳೆಲ್ಲ ಕಾಲುವೆಗೆ ಬಿದ್ದ ನರಿಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುವಾಗ, ಮಿನೆಕೊ ಎದ್ದು ನಿಂತು, "ಬೆಂಕಿ ಬರೆದಿದ್ದು ನಮ್ಮಮ್ಮ!" ಎಂದು ಕೂಗಿದ್ದಳು. ಆಗ ಹಿಸಾನೊಳ ಎದೆ ಉಬ್ಬಿದ್ದು ಸುಳ್ಳಲ್ಲ.

ಆಮೇಲೆ ಫೆಬ್ರವರಿ ಬಂತು. ಹಿಮ ಸುರಿಯುತ್ತಿದ್ದ ದಿನ ಕಂಡಾದ ಮೇಲೆ ಬೆಂಕಿಬಾಂಬು ಬಿತ್ತು. ಎರಡು ದಿನ ಬಿಟ್ಟು ಫುಸಾ ಕೆಲಸಕ್ಕೆ ಬಂದಳು, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು. ಕುಂಚ ಹಿಡಿಯಲಾಗದು, ಆದರೂ ಬಂದಳು. ಹೋಗಲು ಬೇರೆ ಜಾಗ ಇರಲಿಲ್ಲ. ಹಾಳೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ಕೂತವಳು, ಯಾರೂ ಕೇಳದೆಯೇ ಮಾತಾಡತೊಡಗಿದಳು.

"ಅದು ನೀರಿಗೆ ಆರಲ್ಲ ಕಣೇ. ಬೆಲ್ಲದ ಪಾಕ ಅಂಟಿದ ಹಾಗೆ ಅಂಟುತ್ತೆ. ಗೋಡೆಗೆ, ಬಟ್ಟೆಗೆ, ಚರ್ಮಕ್ಕೆ. ಚಾಪೇಲಿ ಹೊಡೆದ್ರೆ ಚಾಪೆಗೇ ಹತ್ತುತ್ತೆ. ನಮ್ಮಕ್ಕ ನಿಂತ್ಲು. ನಾನು ಬಾ ಬಾ ಅಂತ ಎಳೀತಿದ್ದೀನಿ, ಅವಳು, ಇರೇ, ಬಗ್ಗಲಿ, ಇರೇ, ಬಗ್ಗಲಿ ಅಂತಾಳೆ." ಫುಸಾ ಬಟ್ಟೆ ಸುತ್ತಿದ ಕೈಗಳನ್ನು ನೋಡಿಕೊಂಡಳು. "ಅದು ನಮಸ್ಕಾರ ಮಾಡ್ಲಿಲ್ಲ ಹಿಸಾನೊ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೇಷ್ಟ್ರು ಮೆಲ್ಲನೆ ಬಾಗಿಲು ಮುಚ್ಚಿಕೊಂಡು ಹೋದರು. ಮರುದಿನ ಇಬ್ಬರು ಗಂಡಸರು ಬಂದು ಫುಸಾಳನ್ನು ಕರೆದುಕೊಂಡು ಹೋದರು. ಗಾಳಿಸುದ್ದಿ ಹಬ್ಬಿಸುತ್ತಿದ್ದಾಳೆಂದು ಯಾರೋ ಹೇಳಿದ್ದರಂತೆ. ಅವಳು ಮತ್ತೆ ಬರಲಿಲ್ಲ. ಅವಳ ಕುಂಚಗಳು ಲೋಟದಲ್ಲೇ ಒಣಗಿ ನಿಂತವು.

ಇಷ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡೇ ಹಿಸಾನೊ ಆ ರಜೆಯ ದಿನ ಮನೆಗೆ ಹೋದದ್ದು. ಅತ್ತೆಗೆ ಹೇಳಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಆದರೆ ಒದ್ದೆ ಚಾಪೆಯ ಹಿಂದೆಯೇ ಅತ್ತೆ ತೊವಾ ಕವಾಯತಿಗೆ ಹೊರಟು ನಿಂತಿದ್ದರು, ಚಲ್ಲಣ ಬಿಗಿದು, ತಲೆಗೆ ವಸ್ತ್ರ ಕಟ್ಟಿ. ಪಡಿ ಹಂಚುವ, ಕವಾಯತು ನಡೆಸುವ ಓಣಿಯ ಹತ್ತು ಮನೆಯ ನೆರೆಕೂಟದಲ್ಲಿ, ನೀರು ದಾಟಿಸುವ ಬಕೀಟಿನ ಸಾಲಿಗೆ ಅವರೇ ಮೊದಲಿಗರು. ನೆರೆಕೂಟದ ಯಜಮಾನ ಕುರಾಮೊಚಿ, ಮೂಲೆಯ ಮದ್ಯದಂಗಡಿಯವನು. ಮದ್ಯ ಕಂಡು ವರ್ಷವಾಗಿತ್ತು. ಈಗ ಅಲ್ಲಿ ಉಳಿದಿದ್ದದ್ದು ಪಡಿಯ ಸೋಯಾ ರಸ, ಓಣಿಗೆಲ್ಲ ಒಂದೇ ಒಂದಾದ ಟೆಲಿಫೋನು, ಅವನ ಗತ್ತು.

"ಬಂದ್ರಾ ನಮ್ಮ ಕಲಾವಿದೆ!" ಎಂದು ಅವನು ದೂರದಿಂದಲೇ ಕೂಗಿದ. "ನೋಡಮ್ಮ, ನಿನ್ನ ಚಿತ್ರದಿಂದ ನಮ್ಮ ಓಣಿ ಇಡೀ ವಾರ್ಡಿಗೇ ಮೊದಲು! ಎಲ್ಲಿ, ಶುರು ಮಾಡಿ!"

ಮುದುಕಿಯರು, ಬಸುರಿಯರು, ಮಕ್ಕಳು ಸಾಲಾಗಿ ನಿಂತು ಚಾಪೆ ಎತ್ತಿದರು. ಒಂದು, ಎರಡು, ಬಗ್ಗಿತು, ಹೊಡಿ! ಓಣಿಯೆಲ್ಲ ಒಂದೇ ದನಿ. ಒಂದು ಹಾಳೆಯ ಮೇಲಿನ ಗೀರನ್ನು ಇಡೀ ಓಣಿ ಬಾಯಿಪಾಠ ಮಾಡಿತ್ತು.

ಸಂಜೆ, ಅತ್ತೆ ಸಿಹಿಗೆಣಸು ಹೆಚ್ಚುತ್ತಿದ್ದಾಗ, ದನಿ ತಗ್ಗಿಸಿ ಅಂದಳು: "ಅತ್ತೆ, ಮಿನೆಕೊನ ನಾನು ಕರ್ಕೊಂಡು ಹೋಗ್ಲಾ?"

"ಎಲ್ಲಿಗೆ? ನಿಮ್ಮ ಸ್ಟುಡಿಯೋ ನೆಲದ ಮೇಲೆ ಮಲಗಿಸ್ತೀಯಾ? ಪಡಿ ಎಲ್ಲಿ ತಗೋತೀಯಾ? ಹೆಸರು ಇರೋದು ಇಲ್ಲಿ."

"ಹಾಗಲ್ಲ... ಬಾಂಬು ಬಿದ್ರೆ ನೀವಿಬ್ರೂ ನಿಲ್ಲೋದು ಬೇಡ ಅಂತ..."

ಚಾಕು ನಿಂತಿತು. ಕಾಗದದ ಗೋಡೆಯ ಆಚೆ ಪಕ್ಕದ ಮನೆಯವರು ಕೆಮ್ಮಿದ್ದು ಕೇಳಿಸಿತು. ತೊವಾ ಗೋಡೆಯ ಕಡೆ ನೋಡಿ, ಬೇಕೆಂದೇ ಜೋರಾಗಿ ನಕ್ಕರು. "ಕೇಳಿದ್ಯಾ ಮಿನೆಕೊ? ನಿಮ್ಮಮ್ಮ ಬೆಂಕಿ ಬರೀತಾಳೆ, ಬೆಂಕಿ ಕಂಡ್ರೆ ಹೆದರ್ತಾಳೆ!" ಆಮೇಲೆ ಸೊಸೆಯ ಕಿವಿಯ ಹತ್ತಿರ ಬಾಗಿ, ಹಲ್ಲು ಕಚ್ಚಿ: "ಮನೆ ಬಿಟ್ಟು ಓಡೋದು ಕಾನೂನಿಗೇ ವಿರುದ್ಧ. ನಾಳೆ ನೆರೆಕೂಟ ಪಡಿ ನಿಲ್ಸಿದ್ರೆ ಮಗೂಗೆ ನಿನ್ನ ಬಣ್ಣ ನೆಕ್ಸ್ತೀಯಾ? ನನ್ನ ಮಗ ಅಲ್ಲಿ ನಿಂತಿದಾನೆ. ನಾನು ಇಲ್ಲಿ ನಿಲ್ತೀನಿ."

ಹಿಸಾನೊ ಕುಲಾವಿಯ ದಾರ ಹೊಲಿಯಲು ಸೂಜಿ ಹುಡುಕಿದಳು. ಸಿಗಲಿಲ್ಲ. ಕೊನೆಯ ರೈಲು ತಪ್ಪೀತೆಂದು ಎದ್ದು ಬಂದಳು.

ಅದಾದ ಮೇಲೆ ಸ್ಟುಡಿಯೋದಿಂದ ಯಾರನ್ನೂ ಹೊರಗೆ ಬಿಡಲಿಲ್ಲ. ಮುಂದಿನ ಚಿತ್ರ ಬೇಗ ಮುಗಿಯಬೇಕಿತ್ತು. ಅಲ್ಲೇ ಊಟ, ಅಲ್ಲೇ ನಿದ್ದೆ. ನಿದ್ದೆಯೆಂದರೆ ಎಣಿಕೆ. ಮೂರನೆಯದಕ್ಕೆ ಬೆಂಕಿ ಬಗ್ಗದೇ ಇದ್ದಾಗ ಮಗು ಏನು ಮಾಡುತ್ತದೆ? ಮತ್ತೆ ಮೊದಲಿಂದ ಎಣಿಸುತ್ತದೆ. ಮಿನೆಕೊ ಅಂಥ ಮಗು. ಹೇಳಿಕೊಟ್ಟದ್ದನ್ನು ಬಿಡುವವಳಲ್ಲ. ಬಗ್ಗಲಿ, ಬಗ್ಗಲಿ ಎಂದು ನಿಂತೇ ಇರುತ್ತಾಳೆ.

1945ರ ಮಾರ್ಚಿ ತಿಂಗಳ ಒಂಬತ್ತು, ಆ ಶುಕ್ರವಾರ ಬೆಳಿಗ್ಗೆಯಿಂದಲೇ ಗಾಳಿ ಎದ್ದಿತ್ತು. ಎಂಥ ಗಾಳಿ! ಕಿಟಕಿಗೆ ಅಂಟಿಸಿದ ಕಾಗದದ ಪಟ್ಟಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು, ಒಣಗಲು ನೇತುಹಾಕಿದ ಹಾಳೆಗಳು ಒಂದಕ್ಕೊಂದು ತಾಗಿ ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ಮಧ್ಯಾಹ್ನ ಇಗರಾಶಿ ಮೇಷ್ಟ್ರು ಕಪಾಟಿನಿಂದ ತೊಳೆಯದೆ ಕಾಗದದಲ್ಲಿ ಸುತ್ತಿಟ್ಟಿದ್ದ ಮೂರು ಹಾಳೆ ತಂದು ಅವಳ ಮುಂದಿಟ್ಟರು.

"ಹಳೇ ಬೆಂಕಿಯನ್ನೇ ಹಾಕಬೇಕಂತೆ. ಜನಕ್ಕೆ ಇಷ್ಟವಾಗಿದೆಯಂತೆ. ಧೂಳು ಒರೆಸಿಕೊಡು, ಸಂಜೆ ಕ್ಯಾಮೆರಾಕ್ಕೆ."

ಹಿಸಾನೊ ಹಾಳೆಗಳನ್ನು ಮುಟ್ಟಲಿಲ್ಲ. "ಮೇಷ್ಟ್ರೇ, ಈ ಸಲ ಇಲಿಮರಿ ಓಡಿಹೋಗೋ ಹಾಗೆ ಮಾಡಿದ್ರೆ?"

"ಏನಂದೆ?"

"ನಿಲ್ಲಿಸಬೇಡಿ ಮೇಷ್ಟ್ರೇ. ಫುಸಾ ಹೇಳಿದ್ದು ನೀವೂ ಕೇಳಿದ್ರಿ."

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಮುದುಕರೆನ್ನುವಷ್ಟು ವಯಸ್ಸಾಗಿರಲಿಲ್ಲ ಅವರಿಗೆ, ಆದರೆ ಕೆನ್ನೆ ಒಳಗೆ ಹೋಗಿತ್ತು. "ನಾನು ಕೇಳಿಲ್ಲ," ಎಂದರು. "ನೀನೂ ಕೇಳಿಲ್ಲ. ಕೇಳಿಸಿಕೊಂಡವರು ಎಲ್ಲಿ ಹೋಗ್ತಾರೆ ಅಂತ ನೋಡಿದ್ದೀಯಲ್ಲ."

"ನನ್ನ ಮಗಳು ಎಣಿಸ್ತಿದಾಳೆ ಮೇಷ್ಟ್ರೇ. ನನ್ನ ಗೀರನ್ನ ಎಣಿಸ್ತಿದಾಳೆ."

ಮೇಷ್ಟ್ರು ಬೆನ್ನು ತೋರಿಸಿ ಹೋದರು.

ಹಿಸಾನೊ ಎದ್ದು ಮೂರು ಹಾಳೆಗಳನ್ನು ಎದೆಗವಚಿಕೊಂಡು ತೊಳೆಯುವ ಕೋಣೆಗೆ ಹೋಗಿ, ಸೋಡಾ ನೀರಿನಲ್ಲಿ ಇಳಿಬಿಟ್ಟಳು. ಬಿಳಿ ಕರಗಿ ಹಾಲಿನ ಹಾಗೆ ಹರಡಿತು. ತಿಕ್ಕಿದಳು, ಒಡೆದ ಬೆರಳಿನಿಂದ ರಕ್ತ ಬರುವ ತನಕ ತಿಕ್ಕಿದಳು. ಒಂದು ಹೋಯಿತು, ಎರಡು ಹೋಯಿತು, ಮೂರನೆಯದೂ ಹೋಯಿತು. ಗೀರು ಮಾತ್ರ ಹಾಗೇ ಉಳಿಯಿತು. ಹಾಳೆಯನ್ನು ಬೆಳಕಿಗೆ ಹಿಡಿದು ಅದನ್ನೇ ನೋಡುತ್ತ ನಿಂತಾಗ ತಾನು ಎಷ್ಟು ದೊಡ್ಡ ಹುಚ್ಚು ಕೆಲಸ ಮಾಡಿದೆ ಎಂಬುದು ಅವಳಿಗೆ ಹೊಳೆಯಿತು. ಇಲ್ಲಿ ತೊಳೆದರೆ ಅಲ್ಲಿ ಹೋಗುತ್ತದೆಯೇ? ಹೊಂಜೊದ ಓಣಿಯಲ್ಲಿ, ಕೆಮ್ಮುವ ಮಗುವಿನ ತಲೆಯಲ್ಲಿ, ಆ ಬೆಂಕಿ ಈಗಲೂ ತಲೆ ಬಗ್ಗಿಸುತ್ತಲೇ ಇದೆ. ಅಲ್ಲಿಗೆ ಯಾವ ಸೋಡಾ ನೀರು ಸುರಿಯುವುದು?

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಬರಿದಾದ ಹಾಳೆಗಳನ್ನು ನೋಡಿದರು, ಅವಳ ಕೈಗಳನ್ನು ನೋಡಿದರು. ಕೂಗಾಡುತ್ತಾರೆ ಎಂದುಕೊಂಡಳು. ಅವರು ಗಂಟಲು ಸರಿಮಾಡಿಕೊಂಡು, ಗೋಡೆಗೆ ಹೇಳುವವರ ಹಾಗೆ ಹೇಳಿದರು: "ಅಧಿಕಾರಿಗಳನ್ನ ಕ್ಯಾಮೆರಾ ಕೋಣೆಗೆ ಕರ್ಕೊಂಡು ಹೋಗ್ತಿದ್ದೀನಿ. ಬೆಂಕಿ ಎಲ್ಲಿ ಅಂತ ಕೇಳೋ ತನಕ ಸ್ವಲ್ಪ ಹೊತ್ತು ಆಗುತ್ತೆ. ಆಫೀಸಿನಲ್ಲಿ ಟೆಲಿಫೋನು ಸುಮ್ನೆ ಕೂತಿರುತ್ತೆ, ಪಾಪ."

ಮುಳುಗಿದವಳಿಗೆ ಚಳಿಯೇನು, ಮಳೆಯೇನು. ಹಿಸಾನೊ ಒದ್ದೆ ಕೈಯಲ್ಲೇ ಆಫೀಸಿಗೆ ನಡೆದಳು. ಗುಮಾಸ್ತೆ ಹೆಂಗಸು ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು. ಕುರಾಮೊಚಿಯ ಅಂಗಡಿಯ ನಂಬರು ಬಾಯಿಗೇ ಬಂತು. ಎಷ್ಟು ದಿನದಿಂದ ಅದನ್ನು ಜಪಿಸಿದ್ದಳೋ.

ಗಾಳಿಗೆ ತಂತಿ ಗೊರಗುಟ್ಟಿತು. ಬಹಳ ಹೊತ್ತಿನ ಮೇಲೆ ಆಚೆಯಿಂದ ಕುರಾಮೊಚಿಯ ದನಿ.

"ಯಾರು? ಜೋರಾಗಿ ಹೇಳಿ! ಓಹೋ, ಕಲಾವಿದೆ! ಏನಮ್ಮ, ಇವತ್ತು ಅಂಗಡಿ ತುಂಬ ಜನ, ಸೋಯಾ ರಸ ಬಂದಿದೆ. ನಿಮ್ಮತ್ತೆ ಇಲ್ಲೇ ಸಾಲಲ್ಲಿದಾರೆ, ಮಗೂನೂ ಇದೆ. ಬೇಗ ಮುಗಿಸು!"

ಸದ್ದುಗದ್ದಲ, ಬಾಟಲಿಗಳ ಠಣಠಣ, ಆಮೇಲೆ ಉಸಿರು. ಕೆಮ್ಮು.

"ಅಮ್ಮಾ?"

"ಮಿನೆಕೊ, ಕುಲಾವಿ ದಾರ ಹೊಲಿದ್ರಾ ಅಜ್ಜಿ?" ಹೇಳಬೇಕಾದದ್ದು ಅದಲ್ಲ. ಬಾಯಿಗೆ ಬಂದದ್ದು ಅದೇ.

"ಹೊಲಿದ್ರು. ಅಮ್ಮ, ನಾನು ಈಗ ಅಜ್ಜಿಗಿಂತ ಚೆನ್ನಾಗಿ ಹೊಡೀತೀನಿ, ಗೊತ್ತಾ?"

"ಮಿನೆಕೊ. ಇಲ್ಲಿ ಕೇಳು. ಬೆಂಕಿ ತಲೆ ಬಗ್ಸಲ್ಲ."

"ಏನಮ್ಮ? ಕೇಳಿಸ್ತಿಲ್ಲ, ಗೊರ್ ಅಂತಿದೆ."

"ಬೆಂಕಿ ತಲೆ ಬಗ್ಸಲ್ಲ! ಅದು ನಾನು ಬರೆದಿದ್ದು. ಹಾಳೆ ಮೇಲೆ ಗೀರಿತ್ತು, ಅದಕ್ಕೆ ಹಾಗೆ ಬರೆದೆ. ನಿಜವಾದ ಬೆಂಕಿಗೆ ಎಣಿಕೆ ಗೊತ್ತಿಲ್ಲ!"

ಗುಮಾಸ್ತೆಯ ಪೆನ್ಸಿಲು ನಿಂತಿತು. ಆಚೆ ತುದಿಯಲ್ಲಿ ಮಗು ಯೋಚಿಸುತ್ತಿತ್ತು. ಅದು ಯೋಚಿಸುವಾಗ ತುಟಿ ಕಚ್ಚುವುದು ಹಿಸಾನೊಳ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಹಾಗಾದ್ರೆ ಯಾವಾಗ ಹೊಡೀಬೇಕು?"

"ಹೊಡೀಬೇಡ. ಅಜ್ಜಿ ಕೈ ಹಿಡ್ಕೊಂಡು ಓಡು."

"ನರಿ ಥರಾನಾ?" ದನಿ ಸಣ್ಣದಾಯಿತು. "ಎಲ್ಲಾ ನಗ್ತಾರಮ್ಮ."

"ನಗಲಿ. ನರಿ ಥರಾನೇ ಓಡು. ನರಿ ಬದುಕಿತ್ತಲ್ಲ, ಕೊನೇಲಿ?"

ಫೋನು ಕೈಬದಲಾಯಿತು. "ಏನೇ ಹೇಳ್ತಿದ್ದೀಯಾ ಮಗೂಗೆ?" ತೊವಾ. ಹಿಂದೆ ಅಂಗಡಿ ಗಪ್‌ಚಿಪ್. ಬಾಟಲಿಗಳೂ ಸುಮ್ಮನಾಗಿದ್ದವು.

"ಅತ್ತೆ, ನೀವೂ. ಇವತ್ತೇ ಮಗೂನ ಕರ್ಕೊಂಡು ಇಲ್ಲಿಗೆ ಬಂದುಬಿಡಿ. ಪಡಿ ಹಾಳಾಗಿ ಹೋಗಲಿ. ಬರದಿದ್ರೂ, ಬಾಂಬು ಬಿದ್ರೆ ನಿಲ್ಲಬೇಡಿ. ಚಾಪೆ ಬಿಸಾಕಿ."

"ಗೊರಗೊರ ಅಂತಿದೆ," ಎಂದರು ಅತ್ತೆ. ಅವರ ದನಿ ನಡುಗುತ್ತಿತ್ತು, ಸಿಟ್ಟಿಗೋ ಏನೋ. "ಸರಿಯಾಗಿ ಕೇಳಿಸ್ಲಿಲ್ಲ. ಏನಂದೆ, ಇನ್ನೊಂದ್ಸಲ ಹೇಳು."

ಆಫೀಸಿನ ಹೊರಗೆ ಅಧಿಕಾರಿಯ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಹಿಸಾನೊ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಅಂಗಡಿಯಲ್ಲಿ ನಿಂತ ಅಷ್ಟೂ ಜನರಿಗೆ ಕೇಳಿಸುವ ಹಾಗೆ, ಇನ್ನೊಂದು ಸಲ ಹೇಳಿದಳು.